ಒಂಬತ್ತು ಕಣ್ಣಿಗೆ ಒಂಬತ್ತು ಬಾಣ

೨೦೧೯ನೇ ಇಸವಿ ಸೆಪ್ಟೆಂಬರ್ ೨೪, ಮಂಗಳವಾರ. ಬೆಳಗ್ಗೆ ಎಂಟು ನಲವತ್ತಕ್ಕೆ ಆಲ್ಡರ್ ಫಾಲ್ಸ್ ಶೆರಿಫ್ ಠಾಣೆಗೆ ಬ್ರ್ಯಾಂಟ್ ಹಾಲಿಸ್ಟರ್ ಎಂಬಾತ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಬಂದ. ದೂರು ಕೊಟ್ಟ ಅನ್ನುವುದಕ್ಕಿಂತ ಮೇಜಿನ ಮೇಲೆ ಸುರಿದ ಅನ್ನುವುದೇ ಸರಿ. ಪೆಟ್ಟಿಗೆಯಿಂದ ಉರುಳಿದ್ದು ಎಂಟು ಕ್ಯಾಮೆರಾಗಳು, ಎಲ್ಲದರ ಗಾಜಿನ ನಟ್ಟನಡುವೆ ಬೆರಳು ತೂರುವಷ್ಟು ತೂತು. ಒಂಬತ್ತನೆಯದು ಇನ್ನೂ ಮರದಲ್ಲೇ ಇದೆ, ಕೀಳಲು ಬರಲಿಲ್ಲ ಎಂದ.

ದೂರು ಬರೆದುಕೊಂಡವಳು ಸಾರ್ಜೆಂಟ್ ಕೊರಿನ್ ಬೊದ್ರಿ. ನಲವತ್ತೊಂದು ವರ್ಷ, ಹುಟ್ಟಿದ್ದು ಬೆಳೆದದ್ದು ಇದೇ ಊರು. ಸ್ಥಳದ ಮಹಜರು ಆಗುವ ಮೊದಲೇ ಸಾಕ್ಷ್ಯವನ್ನೆಲ್ಲ ಕಿತ್ತು ತಂದವನ ಮೇಲೆ ಅವಳಿಗೆ ಆಗಲೇ ಸಿಟ್ಟು ಬಂದಿತ್ತು. ಆದರೂ ಮುಖದಲ್ಲಿ ತೋರಿಸದೆ ಬರೆದುಕೊಂಡಳು.

ಮಿಶಿಗನ್ನಿನಲ್ಲಿ ನಮ್ಮ ಈ ಮೇಲಿನ ಸೀಮೆಗೂ ಕೆಳಗಿನ ಸೀಮೆಗೂ ನಡುವೆ ಒಂದು ಉದ್ದ ಸೇತುವೆ. ಅದರಾಚೆಯವರನ್ನು ನಮ್ಮವರು ಸೇತುವೆ ಕೆಳಗಿನವರು ಎಂದೇ ಕರೆಯುವುದು, ಹೊಗಳಿಕೆಗೆ ಅಲ್ಲ. ಹಾಲಿಸ್ಟರ್ ಆ ಕಡೆಯವನು. ಊರ ಹಿಂದಿನ ದಿಣ್ಣೆಯ ಕಾಡು ಮೊದಲು ಮರದ ಕಂಪನಿಯದಾಗಿತ್ತು, ತಲೆಮಾರುಗಳಿಂದ ಯಾರು ಬೇಕಾದರೂ ಬೇಟೆಗೆ ಹೋಗಬಹುದಿತ್ತು, ಹಣ್ಣು ಆರಿಸಬಹುದಿತ್ತು. ಎರಡು ವರ್ಷದ ಹಿಂದೆ ಅವನ ಬೇಟೆ ಕ್ಲಬ್ಬು ಅದನ್ನು ಕೊಂಡಿತು. ಮೊದಲು ಗೇಟಿಗೆ ಸರಪಳಿ ಬಿತ್ತು, ಆಮೇಲೆ ಮರಗಳಿಗೆ ಹತ್ತೊಂಬತ್ತು ಕ್ಯಾಮೆರಾ ಬಿದ್ದವು. ಮುಂದೆ ಏನು ಅಲ್ಲಾಡಿದರೂ ಫೋಟೊ ತೆಗೆದು, ನಾನೂರು ಮೈಲಿ ಆಚೆ ಕೂತ ಅವನ ಫೋನಿಗೆ ಕಳಿಸುವಂಥವು.

ಮೂರು ವಾರದಲ್ಲಿ ಒಂಬತ್ತು ಹೋಗಿವೆ. ಮಾಡಿದವನ ಹೆಸರೂ ಹಾಲಿಸ್ಟರ್ ಬಳಿ ಸಿದ್ಧವಾಗಿತ್ತು. ಡ್ವೇನ್ ಕೊಸ್ಕಿ.

ಡ್ವೇನ್ ಕಳ್ಳತನದ ಕೇಸಿನಲ್ಲಿ ನಾಲ್ಕು ವರ್ಷ ಜೈಲಿನಲ್ಲಿದ್ದು ಬಂದವನು. ಈಗ ಗರಗಸದ ಮಿಲ್ಲಿನಲ್ಲಿ ಕೆಲಸ, ಹೆಂಡತಿಗೆ ನವೆಂಬರಿನಲ್ಲಿ ಹೆರಿಗೆ. ಡಿಸೆಂಬರಿನವರೆಗೆ ಪೆರೋಲ್, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಹೊರಗೆ ಬಿಟ್ಟದ್ದು. ಅಷ್ಟರೊಳಗೆ ಮೈಮೇಲೆ ಒಂದು ಕೇಸು ಬಿದ್ದರೆ ಉಳಿದ ಎರಡು ವರ್ಷ ಮತ್ತೆ ಒಳಗೆ. ಬಂದೂಕು ಮುಟ್ಟುವಂತಿಲ್ಲ, ಹಾಗಾಗಿ ಬೇಟೆಗೆ ಅಡ್ಡಬಿಲ್ಲು. ಬಂದೂಕಿನ ಹಾಗೆ ಹೆಗಲಿಗೆ ಇಟ್ಟು ಟ್ರಿಗರ್ ಒತ್ತಿದರೆ ಬಾಣ ಹಾರುವ ಬಿಲ್ಲು ಅದು. ಆಗಸ್ಟಿನಲ್ಲಿ ಬಾರಿನಲ್ಲಿ ಹಾಲಿಸ್ಟರನ ಮುಖಕ್ಕೇ, ನಿನ್ನ ಕ್ಯಾಮೆರಾನ ನಿನಗೇ ತಿನ್ನಿಸ್ತೀನಿ ಎಂದು ಡ್ವೇನ್ ಅಂದಿದ್ದ. ಕೇಳಿದವರು ಹನ್ನೆರಡು ಜನ.

ಹಾಲಿಸ್ಟರ್ ಠಾಣೆಗೆ ಬರುವ ಮೊದಲೇ ಪೆರೋಲ್ ಅಧಿಕಾರಿಗೂ ಫೋನ್ ಮಾಡಿ ಮುಗಿಸಿದ್ದ. ಡ್ವೇನನನ್ನು ಮತ್ತೆ ಒಳಗೆ ಹಾಕುವ ತೀರ್ಮಾನ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಎಂದು ಅಲ್ಲಿಂದ ಕೊರಿನ್‌ಗೆ ಕರೆ ಬಂತು. ಅವಳ ಕೈಯಲ್ಲಿದ್ದದ್ದು ಮೂರು ದಿನ.

ಹನ್ನೊಂದು ಕಾಲಿಗೆ ಕೊರಿನ್, ಡೆಪ್ಯುಟಿ ಟಾಡ್ ನಿಯೆಮಿ ದಿಣ್ಣೆಯ ಮೇಲಿದ್ದರು. ಒಂಬತ್ತನೇ ಕ್ಯಾಮೆರಾ ಒಂದು ಮುದಿ ಮೇಪಲ್ ಮರದಲ್ಲಿತ್ತು. ಬಾಣ ಗಾಜನ್ನು ಸೀಳಿ ಹಿಂದಿನ ಮರದ ಗಂಟಿಗೆ ಕಚ್ಚಿಕೊಂಡಿತ್ತು. ಹೊಡೆದವರು ಅದನ್ನು ಕೀಳಲು ಒದ್ದಾಡಿ, ಆಗದೆ, ಅಲ್ಲಾಡಿಸಿ ಮುರಿದು ಹಿಂದಿನ ತುಂಡನ್ನು ಒಯ್ದಿದ್ದರು. ಟಾಡ್ ಚಾಕುವಿನಿಂದ ಕೆತ್ತಿ ಮುಂದಿನ ತುಂಡನ್ನು ತೆಗೆದ. ಮರದೊಳಗೆ ಹೋಗಿದ್ದದ್ದು ಬರೀ ಒಂದು ಬೆರಳಿನಷ್ಟು.

ಕೊರಿನ್ ಮರದಿಂದ ಹಿಂದಕ್ಕೆ ಹೆಜ್ಜೆ ಎಣಿಸುತ್ತ ಹೋದಳು. ನಲವತ್ತಕ್ಕೆ ನಿಂತಳು. ಅಲ್ಲಿ ಮಡಚುವ ಸ್ಟೂಲಿನ ನಾಲ್ಕು ಕಾಲಿನ ಗುರುತು, ಮುಂದೆ ಒಂದು ಕೋಲು ಊರಿದ ಕುಳಿ. ಬಿಲ್ಲಿಗೆ ಆಸರೆ ಇಟ್ಟು ಕೂತು ಹೊಡೆದಿದ್ದರು. ಈ ಕ್ಯಾಮೆರಾ ಮೂವತ್ತು ಹೆಜ್ಜೆಯಾಚೆ ಅಲ್ಲಾಡಿದ್ದನ್ನು ಹಿಡಿಯುವುದಿಲ್ಲ. ಕೂತವರಿಗೆ ಅದು ಗೊತ್ತಿತ್ತು.

"ಡ್ವೇನೇ ಇರಬೇಕು ಮೇಡಂ," ಎಂದ ಟಾಡ್. "ಇಷ್ಟು ದೂರದಿಂದ ಇಷ್ಟು ನೇರ ಇನ್ಯಾರು ಹೊಡೀತಾರೆ."

"ಮಹಜರು ಬರಿ. ಇರಬೇಕು ಅನ್ನೋದನ್ನ ಬಿಟ್ಟು ಇರೋದನ್ನ ಬರಿ," ಎಂದಳು ಅವಳು.

ಮಧ್ಯಾಹ್ನ ಮೂರಕ್ಕೆ ಡ್ವೇನ್ ಮನೆ. ಅವನು ಬಾಗಿಲಲ್ಲೇ ಎದೆ ಸೆಟೆಸಿ ನಿಂತ. ಹಿಂದೆ ಹೆಂಡತಿ, ಹೊಟ್ಟೆಯ ಮೇಲೆ ಎರಡೂ ಕೈ. ಎಲ್ಲಿದ್ದೆ, ಯಾವಾಗ, ಯಾರ ಜೊತೆ ಎಂದು ಕೊರಿನ್ ಕೇಳಿದ್ದಕ್ಕೆಲ್ಲ ಒಂದೊಂದೇ ಮಾತಿನ ಉತ್ತರ. ಬಿಲ್ಲು ತೋರಿಸು ಎಂದಾಗ ಮಾತ್ರ ಅವನ ಮುಖ ಅರಳಿತು. ನಮ್ಮ ಗಂಡಸರು ಹೆಂಡತಿಯ ಹುಟ್ಟಿದ ದಿನ ಮರೆತಾರು, ಬಿಲ್ಲಿಗೆ ಯಾವ ದಿನ ಯಾವ ಭಾಗ ಹಾಕಿದೆ ಅನ್ನುವುದನ್ನು ಮರೆಯುವುದಿಲ್ಲ. ಅಂಗಡಿಯಿಂದ ಬಂದ ಹಾಗೇ ಬಿಲ್ಲನ್ನು ಇಟ್ಟುಕೊಳ್ಳುವವನಿಗೆ ಇಲ್ಲಿ ಮರ್ಯಾದೆ ಇಲ್ಲ. ಡ್ವೇನ್ ಟ್ರಿಗರ್ ಬದಲಾಯಿಸಿದ್ದ, ಹೆದೆ ಬದಲಾಯಿಸಿದ್ದ, ಸದ್ದು ನುಂಗುವ ರಬ್ಬರು ಕಟ್ಟಿದ್ದ, ದುರ್ಬೀನು ಕೂರಿಸಿದ್ದ, ಬಿಲ್ಲಿನ ತೋಳುಗಳನ್ನೇ ತೆಗೆದು ಇನ್ನೂ ಗಡುಸಾದವನ್ನು ಹಾಕಿದ್ದ.

"ಹೊಡೆದು ತೋರಿಸು," ಎಂದಳು ಕೊರಿನ್.

ಹಿತ್ತಲಲ್ಲಿ ಮೇಪಲ್ ದಿಮ್ಮಿಗೆ ಒಡೆದ ಕ್ಯಾಮೆರಾ ಒಂದನ್ನು ಕಟ್ಟಿದರು. ನಲವತ್ತು ಹೆಜ್ಜೆ. ಡ್ವೇನನ ಬಾಣ ಕ್ಯಾಮೆರಾ ಇದ್ದದ್ದೇ ಗೊತ್ತಿಲ್ಲದ ಹಾಗೆ ತೂರಿ ದಿಮ್ಮಿಯಲ್ಲಿ ಅರ್ಧ ಮುಳುಗಿತು. ಅವನೂ ಟಾಡೂ ಸೇರಿ ಎಳೆದರೂ ಬರಲಿಲ್ಲ.

"ನನ್ನ ಬಿಲ್ಲು ಒಂದು ಬೆರಳಿಗೆ ನಿಲ್ಲಲ್ಲ ಸಾರ್ಜೆಂಟ್," ಎಂದ ಡ್ವೇನ್. "ಆದರೆ ಹೊಡೆದೋರು ಯಾರೇ ಇರಲಿ, ಕೈ ಮುಗೀತೀನಿ. ಬರ್ಕೊಳ್ಳಿ ಬೇಕಾದರೆ."

ಅವಳು ಬರೆದುಕೊಳ್ಳಲಿಲ್ಲ. ಜೋರು ಬಿಲ್ಲನ್ನು ಹದಕ್ಕೆ ಹೊಡೆಯಲು ಬರುವುದಿಲ್ಲ, ಹೆದೆ ಎಳೆದರೆ ಪೂರ್ತಿ, ಬಿಟ್ಟರೆ ಪೂರ್ತಿ. ಆದರೆ ಇಷ್ಟರಿಂದ ಪೆರೋಲ್ ಅಧಿಕಾರಿ ಒಪ್ಪಲಿಲ್ಲ. ಡ್ವೇನನ ಹತ್ತಿರ ಇನ್ನೊಂದು ಬಿಲ್ಲು ಇದ್ದರೆ ಎಂದು ಕೇಳಿದ. ಬೇರೊಬ್ಬರನ್ನು ತಂದು ನಿಲ್ಲಿಸದ ಹೊರತು ಡ್ವೇನ್ ಉಳಿಯುವುದಿಲ್ಲ ಎಂಬುದು ಕೊರಿನ್‌ಗೆ ಖಚಿತವಾಯಿತು.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಬಾಣದ ತುಂಡು ಹಿಡಿದು ಅವಳು ಆರ್ವೊ ಸಾಲ್ಮಿಯ ಅಂಗಡಿಗೆ ಹೋದಳು. ಕೌಂಟಿಯ ಅಡ್ಡಬಿಲ್ಲುಗಳೆಲ್ಲ ಅವನ ಕೈಯಲ್ಲಿ ಒಂದಲ್ಲ ಒಂದು ಸಲ ಬಿಚ್ಚಿ ಕೂಡಿಸಿಕೊಂಡವೇ. ಅವನು ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಮೂತಿಗೆ ಹಿತ್ತಾಳೆಯ ತೂಕ ಸೇರಿಸಿದ್ದಾರೆ, ಬಿಲ್ಲು ನಿಧಾನವಾದರೂ ಬಾಣ ನೆಟ್ಟಗೆ ಹೋಗಲಿ ಎಂದು. ಕಂಪನಿಯ ಕೆಲಸವಲ್ಲ, ಮನೆಯಲ್ಲಿ ಕೂತು ಮಾಡಿದ್ದು, ಅರದಿಂದ ಉಜ್ಜಿದ ಗೀರು ಕಾಣುತ್ತೆ ಎಂದ. ಹೊಗಳುತ್ತಿದ್ದ ಎಂಬುದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

"ಬಿಲ್ಲಿನ ಜೋರು ಕಮ್ಮಿ ಮಾಡಿಸಿಕೊಂಡು ಹೋದವರು ಯಾರಾದರೂ ಇದ್ದಾರಾ?"

"ಎಲ್ಲರೂ ಬರೋದು ಇನ್ನೂ ಜೋರು ಬೇಕು ಅಂತ. ಕಮ್ಮಿ ಮಾಡಿಸೋಕೆ ಯಾರೂ ಬಂದಿಲ್ಲ. ಬಂದಿದ್ದರೂ ನಿನಗೆ ಹೇಳ್ತಿರಲಿಲ್ಲ."

"ಡ್ವೇನ್ ಒಳಗೆ ಹೋಗ್ತಾನೆ ಆರ್ವೊ."

ಅವನ ಮುಖ ಪೆಚ್ಚಾಯಿತು. ನಿಜವಾಗಿ ಗೊತ್ತಿಲ್ಲ, ಬಿಡಿಭಾಗ ಈಗ ಟಪಾಲಿನಲ್ಲೂ ಬರುತ್ತೆ ಎಂದ. ಅಂದು ಅವಳು ಇನ್ನೂ ಹದಿನೇಳು ಮನೆಯ ಬಾಗಿಲು ತಟ್ಟಿದಳು. ಎಲ್ಲ ಕಡೆ ಕಾಫಿ ಸಿಕ್ಕಿತು, ಮಾತು ಸಿಗಲಿಲ್ಲ. ಕ್ಯಾಮೆರಾದ ಮಾತೆತ್ತಿದರೆ ಜನ ಕಿಟಕಿಯಾಚೆ ನೋಡಿ ನಗು ನುಂಗುತ್ತಿದ್ದರು.

ಗುರುವಾರ, ೨೬ನೇ ತಾರೀಖು, ಬೆಳಗ್ಗೆ ಹತ್ತು. ಕೊರಿನ್ ಸರಪಳಿಯ ಗೇಟನ್ನು ಬಿಟ್ಟು ದಿಣ್ಣೆಯ ಹಿಂಬದಿಯ ಹಳೆಯ ಮರ ಸಾಗಿಸುವ ದಾರಿಯಲ್ಲಿ ನಡೆದಳು. ಆ ದಾರಿ ಜಲ್ಲಿ ರಸ್ತೆಗೆ ಸೇರುವಲ್ಲಿ ಸಣ್ಣ ಗಾಡಿಯ ಚಕ್ರದ ಗುರುತಿತ್ತು. ಪಕ್ಕದಲ್ಲಿ ಮರಳಿನ ದಂಡೆ. ದಂಡೆಯಲ್ಲಿ ಮೊಣಕಾಲೆತ್ತರಕ್ಕೆ ಐದು ತೂತು, ಎಲ್ಲ ಒಂದೇ ತಟ್ಟೆಯಷ್ಟು ಜಾಗದಲ್ಲಿ.

ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅಡ್ಡಬಿಲ್ಲಿನ ಹೆದೆ ಒಮ್ಮೆ ಏರಿಸಿದರೆ ಇಳಿಸಲು ಒಂದೇ ದಾರಿ, ಬಾಣ ಬಿಡುವುದು. ಏರಿಸಿದ ಬಿಲ್ಲನ್ನು ಗಾಡಿಯಲ್ಲಿ ಇಡಬಾರದು ಎಂಬುದು ನಿಯಮ. ಹಾಗಾಗಿ ಬೇಟೆ ಸಿಗದ ದಿನ ಮನೆಗೆ ಹೊರಡುವ ಮುಂಚೆ ಮೊಂಡು ಬಾಣವೊಂದನ್ನು ಮೆತ್ತನೆ ಮಣ್ಣಿಗೆ ಬಿಟ್ಟು ಹೊರಡುತ್ತಾರೆ. ಸರಿಯಾದವರು ಮಾಡುವ ಕೆಲಸ. ಆದರೆ ಪರರ ಜಾಗಕ್ಕೆ ನುಗ್ಗಿ ಪರರ ಸೊತ್ತು ಒಡೆಯಲು ಬಂದು, ಗುರಿ ಸಿಗದೆ ವಾಪಸು ಹೋಗುವವರು ಯಾರಾದರೂ ನಿಂತು ನಿಯಮ ಪಾಲಿಸುತ್ತಾರೆಯೇ? ಐದು ಸಲ ಪಾಲಿಸಿದ್ದರು.

ಒಂದು ತೂತು ಉಳಿದವಕ್ಕಿಂತ ಆಳ, ಸುತ್ತ ಮರಳು ಕೆದಕಿತ್ತು. ಇಲ್ಲೂ ಯಾರೋ ಎಳೆದು ಎಳೆದು ಸೋತಿದ್ದರು. ಚಾಕು ಹಾಕಿ ಬಗೆದರೆ ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಮೊಂಡು ಬಾಣ. ಹೊರಗೆಳೆದು ಮರಳು ಒರೆಸಿದಳು. ಮಣ್ಣಲ್ಲಿ ಕಳೆಯದಿರಲಿ ಎಂದು ಅದರ ಬಾಲಕ್ಕೆ ಬೆಳಕಿಗೆ ಹೊಳೆಯುವ ಹಳದಿ ಪಟ್ಟಿ ಅಂಟಿಸಿತ್ತು. ಪಟ್ಟಿಯ ನಾಲ್ಕು ಮೂಲೆಯನ್ನೂ ಏಳದ ಹಾಗೆ ದುಂಡಗೆ ಕತ್ತರಿಸಿತ್ತು.

ಕೊರಿನ್ ಆ ಮೂಲೆಗಳ ಮೇಲೆ ಬೆರಳಾಡಿಸಿದಳು. ಆರನೇ ವಯಸ್ಸಿನಲ್ಲಿ ಅವಳ ಉಣ್ಣೆ ಟೋಪಿಯ ಮೇಲೆ ಇದೇ ಪಟ್ಟಿ ಇತ್ತು, ಮೂಲೆ ದುಂಡಗೆ. ಟಾಡನ ಚೀಲದ ಮೇಲೂ ಇತ್ತು, ಡ್ವೇನನ ಕೈಗವಸಿನ ಮೇಲೂ. ಚಳಿಗಾಲದ ಕತ್ತಲು ಬೆಳಗಿನಲ್ಲಿ ರಸ್ತೆ ಬದಿ ನಿಂತ ಮಕ್ಕಳು ಕಾಣಲಿ ಎಂದು ಶಾಲೆ ಬಸ್ಸಿನ ಚಾಲಕಿ ಒಬ್ಬೊಬ್ಬರಿಗೂ ಅಂಟಿಸಿ ಕಳಿಸುತ್ತಿದ್ದಳು. ರೈಲು ನಿಂತು ವರ್ಷಗಳಾಗಿದ್ದ ಹಳಿಯ ಮುಂದೆಯೂ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಆಮೇಲೆ ದಾಟುತ್ತಿದ್ದ ಹೆಂಗಸು. ನಿಯಮ ಅಂದರೆ ನಿಯಮ.

"ಸಾಯ್ಮಮ್ಮ," ಎಂದಳು ಕೊರಿನ್, ಟಾಡ್ ಬಂದಾಗ.

"ಆಗಲ್ಲ ಮೇಡಂ. ಹೋದ ನವೆಂಬರಲ್ಲಿ ಲಕ್ವ ಹೊಡೆದಿದೆ. ಎಡಗೈ ಏಳಲ್ಲ. ಹೆದೆ ಹೇಗೆ ಎಳೀತಾರೆ?"

"ಅದಕ್ಕೇ ಬಾಣ ಕೀಳೋಕೆ ಆಗಿಲ್ಲ. ಅಲ್ಲೂ, ಇಲ್ಲೂ."

ಮಧ್ಯಾಹ್ನ ಎರಡು ಮುಕ್ಕಾಲಿಗೆ ಸಾಯ್ಮಾ ಹಾಪಲಾಳ ಮನೆ. ಎಪ್ಪತ್ತೊಂದು ವರ್ಷ, ಒಬ್ಬಳೇ. ಫೋನಿಲ್ಲ. ಹಿತ್ತಲಲ್ಲಿ ಸೌನಾ, ಬೆವರು ಸ್ನಾನದ ಮರದ ಗೂಡು, ಅದರ ಪಕ್ಕ ಕೆಸರು ಮೆತ್ತಿದ ಸಣ್ಣ ಗಾಡಿ. ಎಡಗಾಲು ಎಳೆಯುತ್ತ ಬಂದು ಬಾಗಿಲು ತೆಗೆದಳು.

"ಬಾರೇ ಕೊರಿನ್. ಕಾಲು ಒರೆಸ್ಕೊ. ಇವನು ನಿಯೆಮಿ ಮನೆಯವನಲ್ವಾ, ಬಸ್ಸಲ್ಲಿ ವಾಂತಿ ಮಾಡ್ತಿದ್ದೋನು."

ಟಾಡ್ ಕಿವಿಯವರೆಗೆ ಕೆಂಪಾದ. ಕಾಫಿ ಬಂತು, ಏಲಕ್ಕಿ ಹಾಕಿದ ಬ್ರೆಡ್ ಬಂತು. ಕೊರಿನ್ ಕಾಫಿ ಮುಟ್ಟದೆ ಮೊಂಡು ಬಾಣವನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮದಾ?"

"ನಂದೇ. ಮರಳಿಗೆ ಬಾಣ ಹೊಡೆಯೋದು ಯಾವ ಕಾನೂನಲ್ಲಿ ತಪ್ಪು?"

"ಕ್ಯಾಮೆರಾಗಳು?"

"ಅದು ನಿನ್ನ ಕೆಲಸ. ನೀನೇ ಕಂಡುಹಿಡಿ."

ಸಾಯ್ಮಾಳ ಕಣ್ಣಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಇನ್ನು ಹತ್ತು ವರ್ಷ ಕೂತರೂ ಈಕೆ ಬಗ್ಗುವವಳಲ್ಲ ಎಂಬುದು ಕೊರಿನ್‌ಗೆ ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಳೆ ಹತ್ತು ಗಂಟೆಗೆ ಡ್ವೇನ್ ಕೊಸ್ಕಿಯನ್ನು ಒಳಗೆ ಹಾಕುತ್ತಾರೆ.

ಸಾಯ್ಮಾ ಬಟ್ಟಲನ್ನು ಕೆಳಗಿಟ್ಟಳು. "ಕೊಸ್ಕಿ ಹುಡುಗನ ಹೆಸರು ಯಾಕೆ ಬಂತು?"

ಬಾರಿನ ಜಗಳ, ಪೆರೋಲ್, ನವೆಂಬರಿನ ಹೆರಿಗೆ, ಎಲ್ಲ ಕೇಳಿಸಿಕೊಂಡಳು. ಊರಿಗೆ ಹೋಗದೆ ತಿಂಗಳಾಗಿತ್ತು, ಅವಳಿಗೆ ಏನೂ ಗೊತ್ತಿರಲಿಲ್ಲ. ಮುದಿ ಹೆಂಗಸಿನ ತಲೆ ನೋಡಿ ಎಂದು ತನ್ನನ್ನೇ ಬೈದುಕೊಂಡಳು. ಎದ್ದು ಸೌನಾದ ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಬಿಲ್ಲನ್ನು ಬಲಗೈಯಲ್ಲಿ ಎತ್ತಿ ತಂದು ಕಾಫಿ ಬಟ್ಟಲುಗಳ ನಡುವೆ ಇಟ್ಟಳು.

ಕೊರಿನ್ ಅಂಥ ಅಡ್ಡಬಿಲ್ಲನ್ನು ನೋಡಿರಲಿಲ್ಲ. ಗಡುಸು ತೋಳು ತೆಗೆದು ಮಕ್ಕಳ ಬಿಲ್ಲಿನ ಹಗುರ ತೋಳು ಹಾಕಿತ್ತು. ಹಿಂದೆ ಹೆದೆ ಎಳೆಯಲು ಕೈಹಿಡಿ ತಿರುಗಿಸುವ ರಾಟೆ. ಹೆಗಲಿಗೆ ಇಡುವ ಬುಡವನ್ನು ಗರಗಸದಿಂದ ಕೊಯ್ದು ಗಿಡ್ಡ ಮಾಡಿ ಹಳೆ ಬಸ್ ಸೀಟಿನ ಸ್ಪಂಜು ಸುತ್ತಿತ್ತು. ಟ್ರಿಗರ್ ತಡೆಯಲು ಬೆರಳಿನಿಂದ ತಳ್ಳುವ ಬೀಗಕ್ಕೆ ಗಲ್ಲದಿಂದ ತಳ್ಳುವಂತೆ ಉದ್ದದ ಹಿಡಿ ಬೆಸೆದಿತ್ತು. ಕೆಳಗೆ ಸಿಕ್ಕಿಸಲು ಹಾಕಿ ಆಟದ ಕೋಲಿನಿಂದ ಮಾಡಿದ ಊರುಗೋಲು. ಒಂದೊಂದು ತಿರುಪನ್ನೂ ಮೊಣಕಾಲ ಸಂದಿಯಲ್ಲಿ ಹಿಡಿದು, ಒಂದೇ ಕೈಯಲ್ಲಿ ಬಿಗಿದಿದ್ದಳು. ನಾಲ್ಕು ತಿಂಗಳು ಹಿಡಿಯಿತಂತೆ.

"ಇನ್ನು ಬೇಟೆ ಮರೆತುಬಿಡಿ ಅಂದ ಡಾಕ್ಟ್ರು," ಎಂದಳು ಸಾಯ್ಮಾ. "ಕಂಪನಿಯೋರು ಎರಡು ಕೈ ಇರೋರಿಗೆ ಮಾಡಿದ್ರು. ನಾನು ಒಂದು ಕೈಯೋಳಿಗೆ ಮಾಡ್ಕೊಂಡೆ. ಜಿಂಕೆಗೆ ಅಂತಲೇ ಮಾಡ್ಕೊಂಡಿದ್ದು. ಆಮೇಲೆ ಬೇರೆ ಕೆಲಸ ಬಂತು."

"ಹತ್ತೊಂಬತ್ತಿತ್ತು. ಒಂಬತ್ತಕ್ಕೇ ಯಾಕೆ ನಿಲ್ಲಿಸಿದ್ರಿ?"

"ಮೇ ಹದಿನಾಲ್ಕರ ಫೋಟೊ ತೋರಿಸು ಅಂತ ಅವನನ್ನೇ ಕೇಳು."

ನಾಲ್ಕು ಹತ್ತಕ್ಕೆ ಕೊರಿನ್ ಬಂಧನದ ಮಾತು ಓದಿದಳು. ಸುಮ್ಮನಿರುವ ಹಕ್ಕು ನಿಮಗಿದೆ ಎಂದಾಗ ಸಾಯ್ಮಾ, ಮೂವತ್ತೊಂದು ವರ್ಷ ನಿಮಗೆಲ್ಲ ಸುಮ್ಮನಿರಿ ಅಂತ ಹೇಳಿದವಳು ನಾನು ಎಂದಳು. ಬೇಡಿ ಬೇಡ ಎಂದರೆ ಒಪ್ಪಲಿಲ್ಲ. ಡ್ವೇನನಿಗೆ ಹಾಕುತ್ತಿದ್ದಿರಿ ತಾನೆ, ನನಗೂ ಹಾಕಿ, ಊರ ನಡುವಿನ ರಸ್ತೆಯಲ್ಲೇ ಕರೆದುಕೊಂಡು ಹೋಗಿ, ಅವನಲ್ಲ ನಾನು ಅಂತ ಎಲ್ಲರೂ ನೋಡಲಿ ಎಂದು ಪಟ್ಟು ಹಿಡಿದಳು. ಟಾಡ್ ಅವಳ ಎಡಗೈಯನ್ನು ಮೆಲ್ಲಗೆ ಎತ್ತಿ ಬಲಗೈ ಪಕ್ಕಕ್ಕೆ ತಂದು ಬೇಡಿ ಹಾಕಿದ. ಗಾಡಿ ಆರ್ವೊನ ಅಂಗಡಿ ದಾಟುವಾಗ ಅವನು ಬಾಗಿಲಿಗೆ ಬಂದು ಟೋಪಿ ತೆಗೆದು ನಿಂತ.

ನಾಲ್ಕು ಐವತ್ತಕ್ಕೆ ಪೆರೋಲ್ ಅಧಿಕಾರಿಗೆ ಫೋನ್ ಹೋಯಿತು. ಡ್ವೇನನ ಶುಕ್ರವಾರ ರದ್ದಾಯಿತು.

ಐದೂವರೆಗೆ ಹಾಲಿಸ್ಟರ್ ಬಂದ. ಮೇ ಹದಿನಾಲ್ಕರ ಫೋಟೊ ಎಂದಾಗ ಅಳಿಸಿಹೋಗಿವೆ ಎಂದ. ಕ್ಯಾಮೆರಾ ಕಂಪನಿಗೆ ನೋಟಿಸು ಕಳಿಸಿ ತರಿಸುತ್ತೇನೆ ಎಂದು ಕೊರಿನ್ ಹೇಳಿದ ಮೇಲೆ ಫೋನಿನಲ್ಲಿ ಹುಡುಕಿ ತೆಗೆದ. ಒಂಬತ್ತು ಫೋಟೊ, ಎಲ್ಲ ಆ ಮೇಪಲ್ ಮರದ ಕ್ಯಾಮೆರಾದವು.

ಮೊದಲನೆಯದು ಬೆಳಗ್ಗೆ ಹತ್ತು ಗಂಟೆ ಏಳು ನಿಮಿಷಕ್ಕೆ. ದಾರಿಯಲ್ಲಿ ಒಬ್ಬ ಮುದುಕಿ ಕೋಲೂರಿ ಬರುತ್ತಿದ್ದಾಳೆ. ಎರಡನೆಯದರಲ್ಲಿ ಬಿದ್ದಿದ್ದಾಳೆ. ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ, ಐದನೆಯದರಲ್ಲಿ ಬಿದ್ದೇ ಇದ್ದಾಳೆ, ಕೈಯೊಂದು ಮಾತ್ರ ಜಾಗ ಬದಲಿಸಿದೆ. ಆಮೇಲಿನವುಗಳಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿದ್ದಾಳೆ. ಒಂಬತ್ತನೆಯದು ಹನ್ನೆರಡು ಹತ್ತಕ್ಕೆ. ಅದೇ ಮೇಪಲ್ ಮರವನ್ನು ಒಂದು ಕೈಯಲ್ಲಿ ತಬ್ಬಿ ಎದ್ದು ನಿಂತಿದ್ದಾಳೆ. ಫೋಟೊ ತುಂಬ ಅವಳ ಮುಖ, ಮಣ್ಣು ಮೆತ್ತಿದ್ದು, ನೇರ ಕ್ಯಾಮೆರಾದೊಳಗೆ ನೋಡುತ್ತಿದೆ.

ಐದನೆಯದನ್ನು ಹಾಲಿಸ್ಟರ್ ಅಂದೇ ಕ್ಲಬ್ಬಿನ ಪುಟದಲ್ಲಿ ಹಾಕಿದ್ದ. ಕೆಳಗೆ ಬರೆದಿದ್ದದ್ದು, ಒಂಬತ್ತು ಫೋಟೊದಲ್ಲಿ ಇದು ಐದನೆಯದು, ನಮ್ಮ ಕಾಡಿಗೆ ಹೊಸ ಪ್ರಾಣಿ ಬಂದಿದೆ, ಇದರ ಬೇಟೆ ಯಾವ ತಿಂಗಳು? ನಲವತ್ತಾರು ಜನ ನಕ್ಕಿದ್ದರು. ಸಾಯ್ಮಾಗೆ ಅದನ್ನು ಆಗಸ್ಟಿನಲ್ಲಿ ಮನೆಗೆ ಬರುವ ನರ್ಸು ತನ್ನ ಫೋನಿನಲ್ಲಿ ತೋರಿಸಿದ್ದಳು.

"ಎರಡು ಗಂಟೆ ಮೂರು ನಿಮಿಷ," ಎಂದಳು ಕೊರಿನ್. "ಒಂಬತ್ತು ಸಲ ನಿಮ್ಮ ಫೋನಿಗೆ ಬಂತು. ನೀವು ಒಂದು ಸಲ ಇಲ್ಲಿಗೆ ಫೋನ್ ಮಾಡಲಿಲ್ಲ."

"ಅವಳು ಅಕ್ರಮವಾಗಿ ನುಗ್ಗಿದ್ದಳು. ನಾನು ನಾನೂರು ಮೈಲಿ ದೂರ ಇದ್ದೆ."

ಕೊರಿನ್ ಕಾನೂನಿನ ಪುಸ್ತಕವನ್ನು ಮನಸ್ಸಿನಲ್ಲೇ ಮಗುಚಿ ಹಾಕಿದಳು. ಇದಕ್ಕೆ ಕಲಂ ಸಿಗಲಿಲ್ಲ. ಕ್ಯಾಮೆರಾ ಒಡೆದದ್ದಕ್ಕೆ ಕಲಂ ಇತ್ತು, ಅದನ್ನು ಬರೆದಳು. ತಪ್ಪು ರುಜುವಾತಾದರೆ ಸಾಯ್ಮಾಳ ಬೇಟೆಯ ಪರವಾನಗಿ ಹೋಗಬಹುದು, ಈ ವಯಸ್ಸಿನಲ್ಲಿ ಹೋದರೆ ಹೋದಂತೆಯೇ. ಕಾರಣದ ಕಾಲಮಿನಲ್ಲಿ ಆರೋಪಿ ಹೇಳಿದ್ದನ್ನೇ ಬರೆದಳು: ಅವರು ಒಂಬತ್ತು ಸಲ ನೋಡಿದರು, ನಾನು ಒಂಬತ್ತು ಕಣ್ಣು ತೆಗೆದೆ, ಹತ್ತನೆಯದು ನನಗೇನೂ ಮಾಡಿರಲಿಲ್ಲ. ಪಶ್ಚಾತ್ತಾಪ ಇದೆಯೇ ಎಂಬ ಕಾಲಂ ಎದುರು ಇಲ್ಲ ಎಂದು ಬರೆದು, ಸಾಯ್ಮಾ ಹೇಳಿದಂತೆ ಅದರ ಕೆಳಗೆ ಗೆರೆ ಎಳೆದಳು.

ಆರು ಗಂಟೆಗೆ ದಾಖಲೆಯ ಫೋಟೊ. ಸಾಯ್ಮಾ ಗೋಡೆಗೆ ಬೆನ್ನು ಕೊಟ್ಟು, ಬಲಗಾಲಿನ ಮೇಲೆ ಭಾರ ಹಾಕಿ ನಿಂತಳು. ಕ್ಯಾಮೆರಾದ ಹಿಂದೆ ಟಾಡ್.

"ನೇರ ನೋಡಿ ಸಾಯ್ಮಮ್ಮ."

"ನೇರವೇ ನೋಡ್ತಿದೀನಿ ಕಣೋ. ಇದರ ಹಿಂದೆ ಒಬ್ಬ ಮನುಷ್ಯನಾದರೂ ನಿಂತಿದಾನೆ. ತೆಗಿ."

ಟಾಡ್ ಫೋಟೊ ತೆಗೆದ. ಸಮಯ ಬರೆಯುವ ಮೊದಲು ಓಡಿಹೋಗಿ ಅವಳಿಗೆ ಒಂದು ಕುರ್ಚಿ ತಂದು ಹಾಕಿದ.